ಹಡಗು ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ

ನಾನು ಕಟ್ಟಿದ ಮೊದಲ ಪ್ಯಾಡಲ್ ಸ್ಟೀಮರ್ (ಪಕ್ಕದ ಚಕ್ರಗಳಿಂದ ನೀರು ತಳ್ಳಿ ಓಡುವ ಉಗಿಹಡಗು) ಮಾದರಿ ಮೇಜಿನ ಮೇಲೆ ನೋಡಲು ಬಹಳ ಚೆನ್ನಾಗಿತ್ತು. ಎರಡು ಚಿಮಣಿ, ಎರಡೂ ಪಕ್ಕಗಳಲ್ಲಿ ಬೀಸಣಿಗೆಯಂತೆ ಅರಳಿದ ಚಕ್ರಗೂಡು, ಡೆಕ್ಕಿನ ಮೇಲೆ ಸಾಲು ಬೆಂಚು. ನೀರಿಗಿಳಿಸಿದ ದಿನ ಚಕ್ರಗಳು ಭರದಿಂದ ತಿರುಗಿದವು, ನೀರು ಡೆಕ್ಕಿನವರೆಗೂ ಚಿಮ್ಮಿತು, ಹಡಗು ಮಾತ್ರ ಹೆಚ್ಚು ಮುಂದೆ ಹೋಗಲಿಲ್ಲ. ಬಗ್ಗಿ ಹತ್ತಿರದಿಂದ ನೋಡಿದಾಗ ಕಾರಣ ತಿಳಿಯಿತು. ಚಕ್ರದ ಹಲಗೆಗಳು ಕೆಳಗಿಳಿಯುವಾಗ ನೀರಿಗೆ ಚಪ್ಪಟೆಯಾಗಿ ಬಡಿಯುತ್ತಿದ್ದವು, ಮೇಲೇಳುವಾಗ ಮೊರದಲ್ಲಿ ಮೊಗೆದಂತೆ ನೀರನ್ನು ಎತ್ತಿ ಎಸೆಯುತ್ತಿದ್ದವು. ಹಿಂದಕ್ಕೆ ತಳ್ಳುವ ಕೆಲಸ ನಡೆಯುತ್ತಿದ್ದುದು ಚಕ್ರದ ತೀರಾ ಕೆಳಗಿನ ಒಂದು ಕ್ಷಣದಲ್ಲಿ ಮಾತ್ರ. ಬ್ಯಾಟರಿಯ ಶಕ್ತಿ ಬಹುಪಾಲು ನೀರನ್ನು ಬಡಿಯುವುದಕ್ಕೂ ಎತ್ತುವುದಕ್ಕೂ ಖರ್ಚಾಗುತ್ತಿತ್ತು.

ನಿಜವಾದ ಹಡಗುಗಳನ್ನು ಕಟ್ಟಿದವರು ಎದುರಿಸಿದ್ದೂ ಇದೇ ತೊಂದರೆಯನ್ನು. ಅವರು ಅದಕ್ಕೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಪರಿಹಾರ ಕಂಡುಕೊಂಡಿದ್ದರು. ಮಾದರಿ ಕಟ್ಟುವವರು ಆ ಪರಿಹಾರವನ್ನು ಅಂಗೈ ಅಗಲದ ಚಕ್ರದೊಳಗೆ ಮತ್ತೆ ಕೂರಿಸಬೇಕು. ಜೊತೆಗೆ ಆ ಎಂಜಿನಿಯರುಗಳಿಗೆ ಇಲ್ಲದಿದ್ದ ಇನ್ನೊಂದು ತೊಡಕು ನಮಗಿದೆ. ನಾವು ಹಡಗನ್ನು ಕುಗ್ಗಿಸಬಹುದು, ಅದು ತೇಲುವ ನೀರನ್ನು ಕುಗ್ಗಿಸಲಾರೆವು. ಮಾದರಿಯ ತೂಕ, ವೇಗ, ಚಕ್ರದ ಸುತ್ತು, ಬೀಸುವ ಗಾಳಿ ಎಲ್ಲದರ ಲೆಕ್ಕವೂ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ವಿವರಿಸಲು ಒಂದೇ ಹಡಗನ್ನು ಹಿಡಿದುಕೊಳ್ಳುತ್ತೇನೆ: ಸ್ಕಾಟ್ಲೆಂಡಿನ ‘ವೇವರ್ಲಿ’.

ಯಾಕೆ ವೇವರ್ಲಿ

ಗ್ಲಾಸ್ಗೊ ನಗರದ ಕ್ಲೈಡ್ ನದಿಗೂ ಉಗಿಹಡಗಿಗೂ ಹಳೆಯ ನಂಟು. ಹೆನ್ರಿ ಬೆಲ್ ತನ್ನ ‘ಕಾಮೆಟ್’ ಹಡಗಿನಲ್ಲಿ 1812ರಲ್ಲಿ ಪ್ರಯಾಣಿಕರನ್ನು ಸಾಗಿಸಲು ಆರಂಭಿಸಿದ್ದು ಇದೇ ನದಿಯಲ್ಲಿ. ಮುಂದೆ ಪ್ರೊಪೆಲ್ಲರ್ ಬಂದು ಸಾಗರ ದಾಟುವ ಹಡಗುಗಳಿಂದ ಚಕ್ರವನ್ನು ಹೊರಹಾಕಿತು. ಆದರೆ ಕ್ಲೈಡ್ ನದೀಮುಖದಂಥ ಜಾಗಗಳಲ್ಲಿ ಚಕ್ರ ಬಹುಕಾಲ ಉಳಿಯಿತು. ಅಲ್ಲಿ ಹಡಗು ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಕಟ್ಟೆಗೆ ಬಂದು ನಿಲ್ಲಬೇಕು, ಜನರನ್ನು ಇಳಿಸಿ ಹತ್ತಿಸಿಕೊಂಡು ಬೇಗ ಹೊರಡಬೇಕು. ಆಳವಿಲ್ಲದ ನೀರಿನಲ್ಲೂ ಓಡಾಡಬಲ್ಲ, ಚಕ್ರವನ್ನು ಹಿಂದುಮುಂದು ತಿರುಗಿಸಿ ಥಟ್ಟನೆ ನಿಲ್ಲಬಲ್ಲ ಹಡಗಿಗೆ ಅಲ್ಲಿ ಬೆಲೆಯಿತ್ತು.

ಈಗಿನ ವೇವರ್ಲಿಗಿಂತ ಮೊದಲು ಅದೇ ಹೆಸರಿನ ಇನ್ನೊಂದು ಹಡಗಿತ್ತು. 1899ರಲ್ಲಿ ಕಟ್ಟಿದ್ದ ಅದು ಎರಡನೇ ಮಹಾಯುದ್ಧದಲ್ಲಿ, 1940ರ ಮೇ 29ರಂದು, ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈನಿಕರನ್ನು ಕರೆತರುವಾಗ ಬಾಂಬ್ ದಾಳಿಗೆ ಸಿಕ್ಕಿ ಮುಳುಗಿತು. ಅದರ ಜಾಗಕ್ಕೆ ಬಂದದ್ದೇ ಈಗಿನ ಹಡಗು. ಗ್ಲಾಸ್ಗೊದ ಎ. ಅಂಡ್ ಜೆ. ಇಂಗ್ಲಿಸ್ ಹಡಗುಕಟ್ಟೆಯಿಂದ 1946ರ ಅಕ್ಟೋಬರ್ 2ರಂದು ನೀರಿಗಿಳಿದು, 1947ರ ಜೂನ್‌ನಲ್ಲಿ ಪ್ರಯಾಣಿಕರ ಸೇವೆಗೆ ಬಂತು. ಎಂಜಿನ್ ಗ್ರೀನಕ್ ಊರಿನ ರ‍್ಯಾಂಕಿನ್ ಅಂಡ್ ಬ್ಲ್ಯಾಕ್‌ಮೋರ್ ಸಂಸ್ಥೆಯದು. ಓರೆಯಾಗಿ ಮಲಗಿಸಿದ ಮೂರು ಸಿಲಿಂಡರ್, ಸುಮಾರು 2100 ಅಶ್ವಶಕ್ತಿ. ಒಂದೇ ಉಗಿ ಮೂರು ಸಿಲಿಂಡರ್‌ಗಳಲ್ಲಿ ಒಂದಾದ ಮೇಲೊಂದರಂತೆ ಹಿಗ್ಗಿ ಮೂರು ಬಾರಿ ಕೆಲಸ ಮಾಡುತ್ತದೆ. 1973ರ ಋತು ಮುಗಿದ ಮೇಲೆ ಸೇವೆಯಿಂದ ಹಿಂದೆ ಸರಿದ ಈ ಹಡಗನ್ನು 1974ರಲ್ಲಿ ಪ್ಯಾಡಲ್ ಸ್ಟೀಮರ್ ಸಂರಕ್ಷಣಾ ಸಂಘಕ್ಕೆ ಕೇವಲ ಒಂದು ಪೌಂಡಿಗೆ ಕೊಟ್ಟರು. ಅಭಿಮಾನಿಗಳು ಅದನ್ನು ಮತ್ತೆ ಓಡಿಸಿದರು. ಸಮುದ್ರದಲ್ಲಿ ಪ್ರಯಾಣಿಕರನ್ನು ಕರೆದೊಯ್ಯುವ ಪ್ಯಾಡಲ್ ಸ್ಟೀಮರ್‌ಗಳ ಪೈಕಿ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ.

ಮಾದರಿ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಮೂಲ ಇನ್ನೂ ಓಡಾಡುತ್ತಿದೆ. ಅನುಮಾನ ಬಂದ ಪ್ರತಿ ಮೂಲೆಯ ಫೋಟೋ ಸಿಗುತ್ತದೆ. ಎಂಜಿನ್ ಕೆಲಸ ಮಾಡುವುದನ್ನು ಪ್ರಯಾಣಿಕರು ಪಕ್ಕದಲ್ಲೇ ನಿಂತು ನೋಡುವಂತೆ ಹಡಗನ್ನು ಕಟ್ಟಿದ್ದಾರೆ. ಒಂದು ಎಚ್ಚರ ಮಾತ್ರ ಬೇಕು. ಇಂದು ತೆಗೆದ ಫೋಟೋ ಇಂದಿನ ಹಡಗಿನದು, 1947ರದಲ್ಲ. ಮೊದಲಿಗೆ ಕಲ್ಲಿದ್ದಲು ಸುಡುತ್ತಿದ್ದ ಹಡಗು ಆಮೇಲೆ ಎಣ್ಣೆಗೆ ತಿರುಗಿತು, ಬಾಯ್ಲರ್‌ಗಳು ಬದಲಾದವು. ಬಣ್ಣಗಳೂ ಹಾಗೆಯೇ: ಆರಂಭದಲ್ಲಿ ಚಿಮಣಿಗೆ ಕೆಂಪು, ಬಿಳಿ, ಕಪ್ಪು ಪಟ್ಟೆಗಳಿದ್ದವು. ಹಡಗು ಆಗ ರೈಲ್ವೆ ಕಂಪನಿಯೊಂದರದಾಗಿತ್ತು. 1948ರಲ್ಲಿ ಬ್ರಿಟನ್ನಿನ ರೈಲ್ವೆ ರಾಷ್ಟ್ರೀಕರಣವಾದ ಬಳಿಕ ಚಿಮಣಿ ಮಾಸಲು ಹಳದಿಗೆ ತಿರುಗಿತು. ಸಂರಕ್ಷಕರ ಕೈಗೆ ಬಂದಮೇಲೆ ಮತ್ತೆ ಹಳೆಯ ಮೂರು ಬಣ್ಣ. ಹೀಗಾಗಿ ಮೊದಲು ಒಂದು ವರ್ಷವನ್ನು ಗೊತ್ತು ಮಾಡಿಕೊಳ್ಳಬೇಕು. 1947ರ ಚಿಮಣಿಯ ಪಕ್ಕದಲ್ಲಿ ಈ ಕಾಲದ ಜೀವರಕ್ಷಕ ತೆಪ್ಪ ಕೂರಿಸಿದರೆ ಆ ಹಡಗು ಯಾವ ಕಾಲದಲ್ಲೂ ಇರಲಿಲ್ಲ.

ಅಳತೆಯ ಲೆಕ್ಕ

ವೇವರ್ಲಿಯ ಉದ್ದ ಸುಮಾರು 73 ಮೀಟರ್. ಒಡಲಿನ ಅಗಲ 9.2 ಮೀಟರ್‌ನಷ್ಟು, ಚಕ್ರಗೂಡುಗಳನ್ನೂ ಸೇರಿಸಿದರೆ ಸುಮಾರು 17.5 ಮೀಟರ್. 1:48ರ ಪ್ರಮಾಣದಲ್ಲಿ, ಅಂದರೆ ಮೂಲದ 48 ಸೆಂಟಿಮೀಟರ್ ಮಾದರಿಯಲ್ಲಿ ಒಂದು ಸೆಂಟಿಮೀಟರ್ ಆಗುವಂತೆ ಇಳಿಸಿದರೆ, ಉದ್ದ 152 ಸೆಂ.ಮೀ., ಅಗಲ 36 ಸೆಂ.ಮೀ. ಬರುತ್ತದೆ. ಮನೆಯೊಳಗೆ ಇಡಲು ಇದು ದೊಡ್ಡದಾಯಿತು ಎನ್ನಿಸಿ ಹಲವರು 1:96ಕ್ಕೆ ಇಳಿಯುತ್ತಾರೆ. ಆಗ ಉದ್ದ 76 ಸೆಂ.ಮೀ. ಆಗುತ್ತದೆ, ಕಪಾಟಿನಲ್ಲಿ ಹಿಡಿಸುತ್ತದೆ.

ಉದ್ದ ಅರ್ಧವಾಗುವಾಗ ಅಗಲವೂ ಎತ್ತರವೂ ಅರ್ಧವಾಗುತ್ತವೆ. ಒಟ್ಟು ಗಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತೇಲುವ ವಸ್ತು ತಾನು ಸರಿಸಿದ ನೀರಿನಷ್ಟೇ ತೂಗುತ್ತದೆ. ಹಾಗಾಗಿ ಮಾದರಿ ಸರಿಯಾದ ಮಟ್ಟದಲ್ಲಿ ತೇಲಬೇಕಾದರೆ ಅದಕ್ಕೆ ಸಿಗುವ ತೂಕದ ಪಾಲೂ ಎಂಟನೇ ಒಂದಕ್ಕೆ ಇಳಿಯುತ್ತದೆ. ಲೆಕ್ಕಕ್ಕಾಗಿ 700 ಟನ್ ನೀರು ಸರಿಸುವ ಹಡಗು ಎಂದಿಟ್ಟುಕೊಳ್ಳೋಣ. 48ರ ಘನ 1,10,592. ಏಳು ಲಕ್ಷ ಕಿಲೋವನ್ನು ಇದರಿಂದ ಭಾಗಿಸಿದರೆ ಸುಮಾರು 6.3 ಕಿಲೋ. 1:96ರಲ್ಲಿ ಅದೇ ಹಡಗಿಗೆ 800 ಗ್ರಾಮ್ ಕೂಡ ಸಿಗುವುದಿಲ್ಲ. ಒಡಲು, ಡೆಕ್ಕು, ಚಿಮಣಿ, ಎರಡು ಹಿತ್ತಾಳೆಯ ಚಕ್ರ, ಮೋಟರ್, ಬ್ಯಾಟರಿ, ರೇಡಿಯೋ ರಿಸೀವರ್ ಎಲ್ಲವೂ ಆ 800 ಗ್ರಾಮಿನೊಳಗೇ ಮುಗಿಯಬೇಕು. ಆದ್ದರಿಂದ ನೀರಿನಲ್ಲಿ ಓಡಿಸುವ ಆಸೆಯಿದ್ದವರಿಗೆ ನಾನು 1:48ಕ್ಕಿಂತ ಕೆಳಗೆ ಹೋಗಬೇಡಿ ಎನ್ನುತ್ತೇನೆ. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಯಾವ ಪ್ರಮಾಣವಾದರೂ ಸರಿ.

6.3 ಕಿಲೋ ಬದಲು 7.3 ಕಿಲೋ ಆದರೆ ಏನಾಗುತ್ತದೆ? ನೀರಿನ ಮಟ್ಟದಲ್ಲಿ ಈ ಮಾದರಿಯ ಒಡಲನ್ನು ಅಡ್ಡಲಾಗಿ ಕೊಯ್ದರೆ ಸಿಗುವ ವಿಸ್ತೀರ್ಣ ಒಂದು ಚದರ ಮೀಟರಿನ ಐದನೇ ಒಂದು ಭಾಗದಷ್ಟು. ಪ್ರತಿ 200 ಗ್ರಾಮಿಗೆ ಒಂದು ಮಿಲಿಮೀಟರ್ ತಗ್ಗುತ್ತದೆ ಎಂದಾಯಿತು. ಒಂದು ಕಿಲೋ ಹೆಚ್ಚಾದರೆ ಐದು ಮಿಲಿಮೀಟರ್, ಮೂಲ ಹಡಗಿನಲ್ಲಿ 24 ಸೆಂಟಿಮೀಟರ್. ಪ್ರೊಪೆಲ್ಲರ್ ಹಡಗಿನ ಮಾದರಿಯಾದರೆ ಇಷ್ಟು ತಪ್ಪನ್ನು ಕಣ್ಣು ಕ್ಷಮಿಸೀತು. ಪ್ಯಾಡಲ್ ಸ್ಟೀಮರ್ ಕ್ಷಮಿಸುವುದಿಲ್ಲ. ಚಕ್ರದ ಹಲಗೆ ತನ್ನ ಅತಿ ಕೆಳಗಿನ ಸ್ಥಾನದಲ್ಲಿದ್ದಾಗ ಅದರ ಮೇಲಂಚು ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಇರಬೇಕು. ಹೆಚ್ಚು ಮುಳುಗಿದರೆ ಚಕ್ರ ಕೆಸರಿನಲ್ಲಿ ಸಿಕ್ಕಂತೆ ಒದ್ದಾಡುತ್ತದೆ, ಕಡಿಮೆ ಮುಳುಗಿದರೆ ಬರಿದೆ ನೀರೆರಚುತ್ತದೆ. ಆದಕಾರಣ ಪ್ರತಿ ಭಾಗವನ್ನೂ ಅಂಟಿಸುವ ಮೊದಲು ತಕ್ಕಡಿಯಲ್ಲಿಟ್ಟು ಬರೆದುಕೊಳ್ಳುವುದು ನನ್ನ ಅಭ್ಯಾಸ. ಬಣ್ಣವನ್ನೂ ತೂಗಬೇಕು. ಒಂದೂವರೆ ಮೀಟರ್ ಉದ್ದದ ಒಡಲಿಗೆ ನಾಲ್ಕೈದು ಬಾರಿ ಹಚ್ಚಿದ ಬಣ್ಣ ಅಂದುಕೊಂಡದ್ದಕ್ಕಿಂತ ಭಾರವಿರುತ್ತದೆ.

ಒಡಲು ಕಟ್ಟುವುದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಪ್ಯಾಡಲ್ ಸ್ಟೀಮರ್‌ಗೆಂದೇ ವಿಶೇಷವಾದದ್ದು ಹೆಚ್ಚಿಲ್ಲ. ನಕ್ಷೆಯಲ್ಲಿ ಹಡಗನ್ನು ಬ್ರೆಡ್ಡಿನ ಹೋಳುಗಳಂತೆ ಅಡ್ಡಲಾಗಿ ಕೊಯ್ದ ಆಕಾರಗಳಿರುತ್ತವೆ. ಅವನ್ನು ತೆಳು ಪ್ಲೈವುಡ್ಡಿಗೆ ಅಂಟಿಸಿ ಕೊಯ್ದು, ಅಡಿಮರದ ಮೇಲೆ ಪಕ್ಕೆಲುಬುಗಳಂತೆ ನಿಲ್ಲಿಸಿ, ಉದ್ದಕ್ಕೂ ಮರದ ಪಟ್ಟಿಗಳನ್ನು ಹೊದಿಸಬೇಕು. ಒಳಗೆ ರಾಳ ಬಳಿದು ನೀರು ಹೀರದಂತೆ ಮಾಡಿ, ಹೊರಗೆ ಉಜ್ಜುಕಾಗದದಿಂದ ನಯ ಮಾಡಬೇಕು. ಪ್ಯಾಡಲ್ ಸ್ಟೀಮರ್‌ನ ಒಡಲು ತನ್ನ ಅಗಲದ ಎಂಟರಷ್ಟು ಉದ್ದ, ಬಲು ತೆಳ್ಳಗೆ. ಪಕ್ಕೆಗಳನ್ನು ನೇರವಾದ ಹಲಗೆಗೆ ತಲೆಕೆಳಗಾಗಿ ಬಿಗಿದು ಕಟ್ಟದಿದ್ದರೆ ಒಣಗುವಾಗ ಅದು ತಿರುಚಿಕೊಳ್ಳುತ್ತದೆ. ತಿರುಚಿದ ಒಡಲಿನಲ್ಲಿ ಚಕ್ರದ ಶಾಫ್ಟು ಮಟ್ಟವಾಗಿ ಕೂರುವುದೇ ಇಲ್ಲ. ಶಾಫ್ಟು ಹೊರಡುವ ಜಾಗ ನೀರಿನ ಮಟ್ಟಕ್ಕಿಂತ ಮೇಲಿರುವುದು ನಮ್ಮ ಪುಣ್ಯ. ಪ್ರೊಪೆಲ್ಲರ್ ಮಾದರಿಗಳನ್ನು ಕಾಡುವ ಸೋರಿಕೆ ಇಲ್ಲಿ ಅಷ್ಟು ಕಾಡುವುದಿಲ್ಲ. ಎರಚುವ ಹನಿಗಳನ್ನು ತಡೆಯಲು ಗ್ರೀಸ್ ತುಂಬಿದ ಹಿತ್ತಾಳೆಯ ಕೊಳವೆ ಸಾಕು.

ಹಲಗೆಯ ಕುಣಿತ

ಇನ್ನು ಚಕ್ರ. ಈ ಕೆಲಸಕ್ಕೆ ಇಳಿದವರು ಹೆಚ್ಚು ಕಾಲ ಕೊಡಬೇಕಾದದ್ದು ಇಲ್ಲೇ, ಹೆಚ್ಚು ಸಂತೋಷ ಸಿಗುವುದೂ ಇಲ್ಲೇ.

ನನ್ನ ಮೊದಲ ಮಾದರಿಯ ಹಲಗೆಗಳು ಎತ್ತಿನ ಗಾಡಿಯ ಅರಗಳಂತೆ ಕೇಂದ್ರದಿಂದ ಹೊರಕ್ಕೆ ನೇರವಾಗಿ, ಅಲುಗದಂತೆ ಕೂತಿದ್ದವು. ಮೊಟ್ಟಮೊದಲ ಉಗಿಹಡಗುಗಳ ಚಕ್ರವೂ ಹೀಗೇ ಇತ್ತು. 1829ರಲ್ಲಿ ಎಲೈಜಾ ಗ್ಯಾಲೊವೇ ಎಂಬಾತ ಹಲಗೆಗಳು ತಮ್ಮ ಅಚ್ಚಿನ ಮೇಲೆ ಹೊರಳುತ್ತ ಸರಿಯಾದ ಓರೆಯಲ್ಲಿ ನೀರಿಗಿಳಿಯುವ ಚಕ್ರಕ್ಕೆ ಪೇಟೆಂಟ್ ಪಡೆದ. ಆ ಹಕ್ಕು ವಿಲಿಯಂ ಮಾರ್ಗನ್ ಕೈಗೆ ಹೋಗಿ, ಬಹುಕಾಲ ಅದನ್ನು ಮಾರ್ಗನ್ ಚಕ್ರ ಎಂದೇ ಕರೆದರು. ವೇವರ್ಲಿಯದೂ ಈ ಜಾತಿಯ ಚಕ್ರವೇ. ಒಂದೊಂದು ಚಕ್ರಕ್ಕೆ ಎಂಟು ಮರದ ಹಲಗೆಗಳು.

ಸರಿಯಾದ ಓರೆ ಯಾವುದು? ನೆಟ್ಟಗೆ ನಿಂತ ಹಲಗೆಯೇ ಸರಿ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಹಡಗು ಓಡುತ್ತಿರುವಾಗ ಅದು ಪೂರ್ತಿ ಸರಿಯಲ್ಲ. ಓಡುವ ಹಡಗಿನ ಚಕ್ರ ತಿರುಗುತ್ತಲೂ ಇರುತ್ತದೆ, ಮುಂದಕ್ಕೆ ಸಾಗುತ್ತಲೂ ಇರುತ್ತದೆ. ರಸ್ತೆಯ ಮೇಲೆ ಉರುಳುವ ಸೈಕಲ್ ಚಕ್ರವನ್ನು ನೆನೆಸಿಕೊಳ್ಳಿ. ನೆಲ ಮುಟ್ಟಿದ ಬಿಂದು ಆ ಕ್ಷಣ ನಿಂತೇ ಇರುತ್ತದೆ, ನೆತ್ತಿಯ ಬಿಂದು ಸೈಕಲ್ಲಿನ ಎರಡು ಪಟ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ. ನಡುವಿನ ಯಾವುದೇ ಬಿಂದು ಆ ಕ್ಷಣದಲ್ಲಿ ಸಾಗುವ ದಿಕ್ಕಿಗೆ ಒಂದು ಗೆರೆ ಎಳೆದರೆ, ಆ ಗೆರೆ ಯಾವಾಗಲೂ ಚಕ್ರದ ನೆತ್ತಿಯ ಮೂಲಕವೇ ಹಾದುಹೋಗುತ್ತದೆ. ಜ್ಯಾಮಿತಿಯ ಈ ಸಣ್ಣ ಸತ್ಯದಲ್ಲೇ ಉತ್ತರವಿದೆ. ನೀರಿಗಿಳಿಯುವ ಹಲಗೆಯ ಸಮತಲ ಚಕ್ರದ ನೆತ್ತಿಯ ಕಡೆ ತೋರುತ್ತಿದ್ದರೆ, ಅದು ತಾನು ಸಾಗುವ ದಿಕ್ಕಿನಲ್ಲೇ ಅಂಚನ್ನು ಮುಂದಿಟ್ಟು ಇಳಿಯುತ್ತದೆ. ಬೆಣ್ಣೆಗೆ ಚಾಕು ಇಳಿದಂತೆ ಸದ್ದಿಲ್ಲದೆ ನೀರಿಗಿಳಿದು, ತಳದಲ್ಲಿ ನೆಟ್ಟಗೆ ನಿಂತು ನೀರನ್ನು ತಳ್ಳಿ, ಹಾಗೆಯೇ ಅಂಚಿನಲ್ಲೇ ಮೇಲೇಳುತ್ತದೆ. ನೀರಿನಲ್ಲಿ ಚಕ್ರ ಸೈಕಲ್ಲಿನಷ್ಟು ಹಿಡಿತ ಪಡೆಯುವುದಿಲ್ಲ, ತುಸು ಜಾರುತ್ತದೆ. ಆ ಜಾರುವಿಕೆಯೇ ನೀರನ್ನು ಹಿಂದಕ್ಕೆ ತಳ್ಳಿ ಹಡಗನ್ನು ಮುಂದೊಯ್ಯುವುದು. ಹಾಗಾಗಿ ಓರೆಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ, ಮೂಲತತ್ವ ಮಾತ್ರ ಇದೇ. ಹಿಂದಕ್ಕೆ ಓಡಿಸಿದಾಗಲೂ ಇದೇ ಜ್ಯಾಮಿತಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಈ ಹೊರಳಾಟವನ್ನು ಮಾಡಿಸುವ ಉಪಾಯ ಬಹಳ ಜಾಣತನದ್ದು. ಪ್ರತಿ ಹಲಗೆಯ ಬೆನ್ನಿಗೆ ಒಂದು ಗಿಡ್ಡ ತೋಳು ಇರುತ್ತದೆ. ತೋಳಿನ ತುದಿಯಿಂದ ಒಂದು ಉದ್ದ ಸರಳು ಚಕ್ರದ ನಡುವಿನತ್ತ ಬರುತ್ತದೆ. ಎಂಟು ಸರಳುಗಳೂ ಒಂದು ಬಿಲ್ಲೆಯಲ್ಲಿ ಕೂಡುತ್ತವೆ. ಆ ಬಿಲ್ಲೆ ತಿರುಗುವುದು ಚಕ್ರದ ಶಾಫ್ಟಿನ ಮೇಲಲ್ಲ, ಶಾಫ್ಟಿನಿಂದ ತುಸು ಪಕ್ಕಕ್ಕೆ, ಸಾಮಾನ್ಯವಾಗಿ ಚಕ್ರಗೂಡಿನ ಹೊರಗೋಡೆಯ ಕಡೆಗೆ ಬಿಗಿದ ಸ್ಥಿರವಾದ ಗೂಟದ ಮೇಲೆ. ಇದೇ ಎಕ್ಸೆಂಟ್ರಿಕ್. ಚಕ್ರದ ಕೇಂದ್ರವೂ ಬಿಲ್ಲೆಯ ಕೇಂದ್ರವೂ ಬೇರೆ ಬೇರೆಯಾಗಿರುವುದರಿಂದ ಸರಳುಗಳು ಪ್ರತಿ ಸುತ್ತಿನಲ್ಲೂ ತೋಳುಗಳನ್ನು ಒಮ್ಮೆ ಎಳೆದು ಒಮ್ಮೆ ತಳ್ಳುತ್ತವೆ. ಹಲಗೆಗಳು ಲಯವಾಗಿ ಹೊರಳುತ್ತವೆ. ಎಂಟು ಸರಳುಗಳಲ್ಲಿ ಏಳು ಬಿಲ್ಲೆಗೆ ಕೀಲಿನಿಂದ ಸೇರಿರುತ್ತವೆ. ಒಂದನ್ನು ಮಾತ್ರ ಅಲುಗದಂತೆ ಗಟ್ಟಿಯಾಗಿ ಬಿಗಿಯುತ್ತಾರೆ. ಬಿಲ್ಲೆಯನ್ನು ಚಕ್ರದ ಜೊತೆ ಎಳೆದುಕೊಂಡು ತಿರುಗಿಸುವ ಯಜಮಾನ ಅದು. ಅದನ್ನೂ ಕೀಲಿನ ಮೇಲೆ ಬಿಟ್ಟರೆ ಬಿಲ್ಲೆ ತನಗೆ ಬೇಕಾದಂತೆ ಓಲಾಡಿ ಸರಳುಗಳೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ.

ಗೂಟವನ್ನು ಎಲ್ಲಿ ಕೂರಿಸಬೇಕೆಂದು ಕಂಡುಹಿಡಿಯಲು ಕಷ್ಟದ ಗಣಿತ ಬೇಡ. ಕೈವಾರ, ಅಳತೆಪಟ್ಟಿ ಸಾಕು. ದೊಡ್ಡ ಹಾಳೆಯಲ್ಲಿ ಚಕ್ರವನ್ನು ನಿಜ ಗಾತ್ರದಲ್ಲಿ ಬರೆಯಿರಿ. ನೀರಿನ ಮಟ್ಟದ ಗೆರೆ ಎಳೆಯಿರಿ. ಹಲಗೆ ನೀರಿಗಿಳಿಯುವ ಜಾಗ, ತಳದ ಜಾಗ, ಹೊರಬರುವ ಜಾಗ ಈ ಮೂರನ್ನು ಗುರುತಿಸಿ. ಮೂರರಲ್ಲೂ ಹಲಗೆಯ ಗೆರೆ ನೆತ್ತಿಯತ್ತ ತೋರುವಂತೆ ಬರೆದು, ಅದಕ್ಕೆ ಲಂಬವಾಗಿ ಹಡಗಿನ ಮುಂಭಾಗದ ಕಡೆಗೆ ತೋಳನ್ನು ಬರೆಯಿರಿ. ಈಗ ಮೂರು ತೋಳುಗಳ ತುದಿಗಳು ಮೂರು ಬಿಂದುಗಳಾಗುತ್ತವೆ. ಮೂರು ಬಿಂದುಗಳ ಮೂಲಕ ಹಾಯುವ ವೃತ್ತ ಒಂದೇ ಒಂದು. ಅದರ ಕೇಂದ್ರವೇ ಗೂಟದ ಜಾಗ, ಅದರ ತ್ರಿಜ್ಯವೇ ಗೂಟದಿಂದ ತೋಳಿನ ತುದಿಯವರೆಗಿನ ದೂರ. ಬರೆದು ನೋಡಿದರೆ ಆ ಕೇಂದ್ರ ಶಾಫ್ಟಿಗಿಂತ ಮುಂದೆ, ತೋಳಿನ ಉದ್ದದ ಅರ್ಧದಷ್ಟು ದೂರದಲ್ಲಿ ಬೀಳುತ್ತದೆ. ಚಕ್ರ ಎಷ್ಟು ಡಿಗ್ರಿ ತಿರುಗಿತೋ ಅದರ ಅರ್ಧದಷ್ಟು ಮಾತ್ರ ಹಲಗೆ ಓರೆಯಾಗಬೇಕಾಗಿರುವುದೇ ಇದಕ್ಕೆ ಕಾರಣ.

ಹಿತ್ತಾಳೆ ಮುಟ್ಟುವ ಮೊದಲು ಇದನ್ನು ರಟ್ಟಿನಲ್ಲಿ ಮಾಡಿ ನೋಡಲೇಬೇಕು. ರಟ್ಟಿನ ಚಕ್ರ, ರಟ್ಟಿನ ತೋಳು, ರಟ್ಟಿನ ಸರಳು, ಕೀಲಿನ ಜಾಗದಲ್ಲಿ ಗುಂಡುಸೂಜಿ. ಒಂದು ಸಂಜೆಯ ಕೆಲಸ. ಕೈಯಿಂದ ಮೆಲ್ಲಗೆ ತಿರುಗಿಸುವಾಗ ಕೆಳಗೆ ಬಂದ ಹಲಗೆ ತಾನಾಗಿ ನೆಟ್ಟಗಾಗುವುದನ್ನು ಮೊದಲ ಸಲ ಕಂಡಾಗ ನಾನು ಊಟಕ್ಕೂ ಏಳದೆ ಅದನ್ನೇ ತಿರುಗಿಸುತ್ತ ಕೂತಿದ್ದೆ. ರಟ್ಟು ಇನ್ನೊಂದು ಉಪಕಾರ ಮಾಡುತ್ತದೆ. ನೀರಿನೊಳಗಿನ ಮೂರು ಸ್ಥಾನಗಳಿಗೆ ಹೊಂದಿಸಿದ ಸರಳುಗಳು ಮೇಲ್ಭಾಗಕ್ಕೆ ಹೋದಾಗ ಅರಕ್ಕೆ ತಗುಲುತ್ತವೆಯೋ, ಪಕ್ಕದ ಸರಳಿಗೆ ಉಜ್ಜುತ್ತವೆಯೋ ಎಂಬುದು ಅಲ್ಲೇ ತಿಳಿದುಬಿಡುತ್ತದೆ.

ಹಿತ್ತಾಳೆಯ ಕೆಲಸದಲ್ಲಿ ಮುಖ್ಯವಾದದ್ದು ಎಲ್ಲ ತುಂಡುಗಳೂ ಒಂದೇ ಅಳತೆಯಲ್ಲಿರುವುದು. ಹದಿನಾರು ಸರಳುಗಳನ್ನು ಒಂದೊಂದಾಗಿ ಅಳೆದು ಕೊರೆದರೆ ಹದಿನಾರು ಬೇರೆ ಬೇರೆ ಉದ್ದ ಬರುತ್ತವೆ. ದಪ್ಪ ಲೋಹದ ತುಂಡಿಗೆ ಸರಿಯಾದ ದೂರದಲ್ಲಿ ಎರಡು ಗೂಟ ನೆಟ್ಟು ಅಚ್ಚು ಮಾಡಿಕೊಂಡು, ಎಲ್ಲವನ್ನೂ ಅದರ ಮೇಲೆಯೇ ಕೂರಿಸಿ ಮುಗಿಸಬೇಕು. ಬೆಸುಗೆ ಹಾಕುವಾಗ ಒಂದು ಕೀಲಿನ ಬಿಸಿಗೆ ಪಕ್ಕದ ಕೀಲು ಕರಗಿ ಕಳಚಿಕೊಳ್ಳುತ್ತದೆ. ಪಕ್ಕದ್ದಕ್ಕೆ ಒದ್ದೆ ಹತ್ತಿ ಸುತ್ತಿಟ್ಟರೆ ಉಳಿಯುತ್ತದೆ. ಒಂದು ಮಿಲಿಮೀಟರ್ ಗೂಟಕ್ಕೆ 1.1 ಮಿಲಿಮೀಟರ್ ರಂಧ್ರ ಸಾಕು. ಅದಕ್ಕಿಂತ ಸಡಿಲವಾದರೆ ಹಲಗೆ ತನ್ನ ಓರೆಯನ್ನು ಮರೆಯುತ್ತದೆ. ಒಂದು ಚಕ್ರದಲ್ಲಿ ಹಲಗೆಗಳ ಅಚ್ಚಿಗೆ ಹದಿನಾರು, ತೋಳುಗಳ ತುದಿಗೆ ಎಂಟು, ಬಿಲ್ಲೆಯಲ್ಲಿ ಏಳು, ಒಟ್ಟು 31 ಕೀಲುಗಳು. ಎರಡೂ ಚಕ್ರಗಳಿಗೆ 62. ಒಂದೇ ಒಂದು ಬಿಗಿಯಾದರೂ ಇಡೀ ಚಕ್ರ ತೊದಲುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಎಡದ ಚಕ್ರವೂ ಬಲದ ಚಕ್ರವೂ ಒಂದೇ ಅಲ್ಲ, ಒಂದು ಇನ್ನೊಂದರ ಕನ್ನಡಿಯ ಬಿಂಬ. ಒಂದೇ ರೀತಿಯ ಎರಡು ಚಕ್ರ ಮಾಡಿಟ್ಟರೆ, ಜೋಡಿಸುವ ದಿನ ಒಂದರ ತೋಳುಗಳು ಹಿಂದಕ್ಕೆ ಚಾಚಿರುತ್ತವೆ. ಒಂದನ್ನು ಪೂರ್ತಿ ಬಿಚ್ಚಿ ತಿರುಗಿ ಕಟ್ಟದೆ ಬೇರೆ ದಾರಿಯಿಲ್ಲ.

ಎಷ್ಟು ವೇಗವಾಗಿ ತಿರುಗಬೇಕು

ವೇವರ್ಲಿಯ ಚಕ್ರಗಳು ನಿಮಿಷಕ್ಕೆ 50 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ. ಹಾಗಾದರೆ ಮಾದರಿಯ ಚಕ್ರವೂ 50 ಸುತ್ತು ತಿರುಗಿದರೆ ಸರಿಯೇ?

ಕಣ್ಣಿಗೆ ಸರಿ, ನೀರಿಗೆ ಸರಿಯಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ನೆರವಿಗೆ ಬರುತ್ತಾರೆ. ದೊಡ್ಡ ಹಡಗು ಹೇಗೆ ಓಡುತ್ತದೆಂದು ಪುಟ್ಟ ಮಾದರಿಯಿಂದ ತಿಳಿಯಬಹುದು ಎಂದು ತೋರಿಸಿಕೊಟ್ಟವರು ಅವರು. ಇಂಗ್ಲೆಂಡಿನ ಟಾರ್ಕಿ ಊರಿನಲ್ಲಿ 1870ರ ದಶಕದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿ, ಅದರಲ್ಲಿ ಮಾದರಿಗಳನ್ನು ಎಳೆಸಿ ಅಳೆದರು. ಅವರು ಕಂಡುಕೊಂಡ ನಿಯಮ ಹೀಗಿದೆ: ಮಾದರಿಯ ಸುತ್ತ ಏಳುವ ಅಲೆಗಳು ಮೂಲ ಹಡಗಿನ ಅಲೆಗಳ ರೂಪದಲ್ಲೇ ಇರಬೇಕಾದರೆ ವೇಗವನ್ನು ಪ್ರಮಾಣದ ವರ್ಗಮೂಲದಿಂದ ಭಾಗಿಸಬೇಕು, ಪ್ರಮಾಣದಿಂದಲ್ಲ. 48ರ ವರ್ಗಮೂಲ ಸುಮಾರು 7. ವೇವರ್ಲಿ 14 ನಾಟ್ ವೇಗದಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 7.2 ಮೀಟರ್ ಸಾಗುತ್ತದೆ. ಮಾದರಿ ಸೆಕೆಂಡಿಗೆ ಒಂದು ಮೀಟರಿನಷ್ಟು, ಅಂದರೆ ನಾವು ನಡೆದಾಡುವ ವೇಗದಲ್ಲಿ ಸಾಗಬೇಕು. ಆಗ ಮುಂತುದಿಯಲ್ಲಿ ಏಳುವ ಅಲೆ, ಚಕ್ರದ ಹಿಂದೆ ಬಿಡುವ ನೊರೆಯ ಹಾದಿ ಎಲ್ಲವೂ ಫೋಟೋದಲ್ಲಿ ಕಂಡ ಹಡಗಿನಂತೆಯೇ ಇರುತ್ತವೆ. ಚಕ್ರದ ಸುತ್ತಳತೆ 48 ಪಟ್ಟು ಕುಗ್ಗಿದೆ, ವೇಗ ಕುಗ್ಗಿದ್ದು 7 ಪಟ್ಟು ಮಾತ್ರ. ಆದ್ದರಿಂದ ಚಕ್ರ 7 ಪಟ್ಟು ಹೆಚ್ಚು ಬಾರಿ ತಿರುಗಬೇಕು, ನಿಮಿಷಕ್ಕೆ 50ರ ಬದಲು 350.

ನಿಮಿಷಕ್ಕೆ 350 ಸುತ್ತು ಎಂದರೆ ಹಲಗೆಗಳು ಕಣ್ಣಿಗೆ ಕಾಣುವುದೇ ಇಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಹೊರಳಾಟ ಮಂಜಾಗಿಬಿಡುತ್ತದೆ. 50ಕ್ಕೆ ಇಳಿಸಿದರೆ ಚಕ್ರದ ನಡೆ ಗಂಭೀರವಾಗಿ ಕಾಣುತ್ತದೆ, ಹಡಗು ತೆವಳುತ್ತದೆ, ಮುಂತುದಿಯಲ್ಲಿ ಅಲೆಯೇ ಏಳುವುದಿಲ್ಲ. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ನಾನು 120ರಿಂದ 150 ಸುತ್ತುಗಳ ನಡುವೆ ನಿಲ್ಲುತ್ತೇನೆ. ನಿಮಿಷಕ್ಕೆ 6000 ಸುತ್ತು ತಿರುಗುವ ಮೋಟರಿಗೆ ನಲವತ್ತಕ್ಕೆ ಒಂದರಷ್ಟು ಇಳಿಸುವ ಗೇರು ಹಾಕಿದರೆ ಇದು ಸಿಗುತ್ತದೆ. ಆ ವೇಗದಲ್ಲಿ ಹಲಗೆ ನೀರಿಗಿಳಿಯುವುದೂ ಕಾಣುತ್ತದೆ, ಹಡಗೂ ಮನಸ್ಸಿಟ್ಟು ಸಾಗುತ್ತದೆ. ನಿಜವಾದ ದೃಶ್ಯ ಬೇಕಾದವರಿಗೆ ಇನ್ನೊಂದು ದಾರಿಯಿದೆ. ಚಕ್ರವನ್ನು ಪೂರ್ತಿ ವೇಗದಲ್ಲಿ ಓಡಿಸಿ, ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರಗಳಂತೆ ಹಿಡಿದು 30ರಂತೆ ತೋರಿಸಿ. ಎಂಟು ಪಟ್ಟು ನಿಧಾನ, ನಮಗೆ ಬೇಕಾದ ಏಳಕ್ಕೆ ಬಹಳ ಹತ್ತಿರ. ನೊರೆ ಮೆಲ್ಲಗೆ ಹರಡುತ್ತದೆ, ಅಲೆ ಭಾರವಾಗಿ ಮಗುಚುತ್ತದೆ. ಸಿನಿಮಾಗಳಲ್ಲಿ ಪುಟ್ಟ ಹಡಗನ್ನು ದೊಡ್ಡದಾಗಿ ತೋರಿಸಿದ್ದು ಇದೇ ಲೆಕ್ಕದಿಂದ. ಅಲ್ಲಿಯೂ ಮಾದರಿಯ ಗುಟ್ಟು ಬಯಲಾಗುವುದು ಹನಿಗಳಿಂದ. ನೀರಿನ ಹನಿ ಚಿಕ್ಕ ಹಡಗಿಗಾಗಿ ಚಿಕ್ಕದಾಗುವುದಿಲ್ಲ. ಚಕ್ರದಿಂದ ಸಿಡಿದ ಮೂರು ಮಿಲಿಮೀಟರಿನ ಹನಿ, ಮೂಲದ ಅಳತೆಯಲ್ಲಿ ಮಡಕೆಯಷ್ಟು ದಪ್ಪ.

ಗಾಳಿಯೂ ಇದೇ ಲೆಕ್ಕಕ್ಕೆ ಒಳಪಟ್ಟಿದೆ. ಸೆಕೆಂಡಿಗೆ ಮೂರು ಮೀಟರಿನ ಗಾಳಿ ನಮಗೆ ಹಿತವಾದ ತಂಗಾಳಿ. ಏಳರಿಂದ ಗುಣಿಸಿದರೆ ಮಾದರಿಯ ಪಾಲಿಗೆ ಅದು ಗಂಟೆಗೆ 75 ಕಿಲೋಮೀಟರಿನ ಬಿರುಗಾಳಿ. ಎತ್ತರದ ಚಿಮಣಿ, ಅಗಲವಾದ ಚಕ್ರಗೂಡು ಇರುವ ಈ ಹಡಗು ಅಂಥ ಗಾಳಿಗೆ ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದ ಪಕ್ಕದ ಚಕ್ರ ಆಳಕ್ಕೆ ಮುಳುಗುತ್ತದೆ, ಇನ್ನೊಂದು ಪಕ್ಕದ್ದು ಗಾಳಿಯಲ್ಲಿ ತಿರುಗುತ್ತದೆ, ಹಡಗು ತನ್ನಷ್ಟಕ್ಕೆ ದಿಕ್ಕು ಬದಲಿಸುತ್ತದೆ. ಆದ್ದರಿಂದ ಮೇಲಿನದೆಲ್ಲ ಹಗುರವಾಗಿರಬೇಕು, ಭಾರವೆಲ್ಲ ತಳದಲ್ಲಿರಬೇಕು. ಚಿಮಣಿಗೆ ಕಾಗದದ ಸುರುಳಿ, ಕೋಣೆಗಳಿಗೆ ತೆಳು ಪ್ಲೈವುಡ್. ಬ್ಯಾಟರಿ ಅಡಿಮರದ ಮೇಲೆಯೇ ಮಲಗಿರಬೇಕು.

ತಿರುಗಿಸುವ ವಿಷಯದಲ್ಲಿ ಒಂದು ಆಯ್ಕೆ ಕಟ್ಟುವವರದು. ವೇವರ್ಲಿಯ ಎರಡೂ ಚಕ್ರಗಳು ಒಂದೇ ಶಾಫ್ಟಿಗೆ ಬಿಗಿದಿವೆ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿ ನಿಂತಲ್ಲೇ ಗಿರ‍್ರನೆ ಸುತ್ತುವ ಸೌಲಭ್ಯ ಅದಕ್ಕಿಲ್ಲ. ಚುಕ್ಕಾಣಿಯೇ ಗತಿ. ಪ್ರೊಪೆಲ್ಲರ್ ಹಡಗಿನಲ್ಲಿ ಚುಕ್ಕಾಣಿಯ ಮೇಲೆ ಪ್ರೊಪೆಲ್ಲರ್ ತಳ್ಳಿದ ನೀರು ನೇರವಾಗಿ ಹಾಯುತ್ತದೆ. ಇಲ್ಲಿ ಚಕ್ರಗಳು ನಡುಭಾಗದಲ್ಲಿ, ಚುಕ್ಕಾಣಿ ದೂರದ ಹಿಂತುದಿಯಲ್ಲಿ. ಹಡಗು ನಿಧಾನವಾದಂತೆ ಚುಕ್ಕಾಣಿಯ ಮಾತು ನಡೆಯುವುದಿಲ್ಲ. ಕೆಲವರು ಎರಡು ಮೋಟರ್ ಇಟ್ಟು ಚಕ್ರಗಳನ್ನು ಬೇರೆಬೇರೆಯಾಗಿ ಓಡಿಸುತ್ತಾರೆ. ಓಡಿಸಲು ಸುಲಭ, ನಿಜ. ನನಗೆ ಮಾತ್ರ ಒಂದೇ ಶಾಫ್ಟು ಬೇಕು. ಕಟ್ಟೆಯ ಪಕ್ಕಕ್ಕೆ ವೇವರ್ಲಿಯನ್ನು ತರುವ ಕ್ಯಾಪ್ಟನ್ ಎಷ್ಟು ಮುಂಚಿತವಾಗಿ ಯೋಚಿಸಬೇಕು ಎಂಬುದು ಗೊತ್ತಾಗುವುದು ಆಗಲೇ.

ಮೇಲಿನ ಕುಸುರಿ ಕೆಲಸಕ್ಕೆ ಒಂದೆರಡು ಅಳತೆ ಹೇಳುತ್ತೇನೆ. 1:48ರಲ್ಲಿ 1.7 ಮೀಟರ್ ಎತ್ತರದ ಮನುಷ್ಯ 35 ಮಿಲಿಮೀಟರ್. 12 ಸೆಂಟಿಮೀಟರ್ ಅಗಲದ ಡೆಕ್ ಹಲಗೆ ಎರಡೂವರೆ ಮಿಲಿಮೀಟರ್. ಅಂಟಿಸುವ ಮೊದಲು ಪ್ರತಿ ಪಟ್ಟಿಯ ಒಂದು ಅಂಚಿಗೆ ಪೆನ್ಸಿಲ್ ಉಜ್ಜಿದರೆ ಹಲಗೆಗಳ ನಡುವೆ ತುಂಬಿದ ಕಪ್ಪು ಗೆರೆ ತಾನಾಗಿ ಮೂಡುತ್ತದೆ. ಹತ್ತು ಮಿಲಿಮೀಟರಿನ ಉಕ್ಕಿನ ತಗಡು 0.2 ಮಿಲಿಮೀಟರ್ ಆಗುತ್ತದೆ, ದಪ್ಪ ಕಾಗದದಷ್ಟು. ತಗಡಿನ ಅಂಚನ್ನು ಎದ್ದುಕಾಣುವಂತೆ ಮಾಡುವ ಆಸೆಗೆ ಬಿದ್ದರೆ ಹಡಗು ಆಟಿಕೆಯಂತೆ ಕಾಣತೊಡಗುತ್ತದೆ. ಬಣ್ಣವೂ ಹಾಗೆಯೇ. ದೂರದಿಂದ ನೋಡಿದ ಹಡಗಿನ ಕಪ್ಪು ಅಚ್ಚಕಪ್ಪಲ್ಲ, ನಡುವಿನ ಗಾಳಿ ಅದನ್ನು ಮಸುಕು ಮಾಡಿರುತ್ತದೆ. ಡಬ್ಬಿಯ ಕಪ್ಪಿಗೆ ಸ್ವಲ್ಪ ಬೂದು ಬೆರೆಸಿ, ಹೊಳಪು ತಗ್ಗಿಸಿ ಬಳಿಯುವುದು ಒಳ್ಳೆಯದು.

ಎಲ್ಲ ಮುಗಿದ ಮೇಲೆ ಮೊದಲ ಸ್ನಾನ ದೊಡ್ಡ ನೀರಿನಲ್ಲಲ್ಲ, ಮನೆಯ ತೊಟ್ಟಿಯಲ್ಲಿ. ಮೋಟರ್ ಓಡಿಸದೆ ಸುಮ್ಮನೆ ತೇಲಲು ಬಿಟ್ಟು, ಬಣ್ಣದ ಗೆರೆ ನೀರಿನ ಮಟ್ಟಕ್ಕೆ ಬರುವವರೆಗೆ ಸೀಸದ ತುಂಡುಗಳನ್ನು ತಳದಲ್ಲಿ ಹಿಂದೆ ಮುಂದೆ ಸರಿಸಬೇಕು. ಮುಂತುದಿ ತಗ್ಗಿದೆಯೇ, ಒಂದು ಪಕ್ಕ ವಾಲಿದೆಯೇ ಎಂದು ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡಬೇಕು. ಎಡದ ಮತ್ತು ಬಲದ ತಳದ ಹಲಗೆಗಳ ಮೇಲಂಚು ಒಂದೇ ಆಳದಲ್ಲಿದ್ದಾಗ ಸೀಸವನ್ನು ಅಂಟಿಸಿ, ಆಮೇಲೆ ಮೋಟರ್ ಚಾಲೂ ಮಾಡಬಹುದು. ಚಪಚಪ ಬಡಿತ ಕೇಳಿದರೆ ಗೂಟ ತನ್ನ ಜಾಗದಲ್ಲಿಲ್ಲ. ಸರಿಯಾಗಿ ಕೂತ ಚಕ್ರದಿಂದ ಬರುವುದು ಒಂದು ಮೆತ್ತನೆಯ, ಒಂದೇ ಸಮನಾದ ಸದ್ದು, ಹಿಂದೆ ನೇರವಾದ ಎರಡು ಬಿಳಿ ಗೆರೆ.

ನೀರಿನಿಂದ ಎತ್ತಿದ ಕೂಡಲೇ ಬಟ್ಟೆಯಿಂದ ಒರೆಸಿ, ಚಕ್ರಗೂಡಿನ ಮುಚ್ಚಳ ತೆಗೆದು, 62 ಕೀಲುಗಳಿಗೂ ಸೂಜಿಯ ತುದಿಯಿಂದ ಒಂದೊಂದು ಹನಿ ಎಣ್ಣೆ ಬಿಡಬೇಕು. ನನಗೆ ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಎಡದ ಚಕ್ರದ ಯಜಮಾನ ಸರಳಿನಿಂದ ಶುರುಮಾಡಿ, ಒಂದೊಂದು ಹಲಗೆಯನ್ನೂ ಬೆರಳಿನಿಂದ ಕೆಳಕ್ಕೆ ತಂದು, ಅದು ನೆಟ್ಟಗಾಗುವುದನ್ನು ನೋಡಿಯೇ ಮುಂದಿನದಕ್ಕೆ ಹೋಗುತ್ತೇನೆ.